ಚಿಂಚಿಲ್ಲಾ ಸಾಕಲು ಒಂದು ಪಂಜರ, ಒಂದು ಫ್ಯಾನ್ ಸಾಕೇ? ಮನೆಗೆ ತರುವ ಮುನ್ನ ತಿಳಿಯಬೇಕಾದದ್ದು

ಹತ್ತಿಯ ಉಂಡೆಯಂತಹ ಬೂದು ಬಣ್ಣದ ಪುಟ್ಟ ಪ್ರಾಣಿ. ದೊಡ್ಡ ಕಿವಿ, ಅಳಿಲಿನಂತಹ ಬಾಲ. ಬಟ್ಟಲಿನಲ್ಲಿರುವ ಪುಡಿಯೊಳಗೆ ಗಿರಗಿರನೆ ಹೊರಳಿ, ಎದ್ದು ಮೈ ಕೊಡವಿಕೊಳ್ಳುತ್ತದೆ. ಈ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇಂತಹ ವಿಡಿಯೊಗಳ ಕೆಳಗಿನ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: "ನೀರಿನ ಸ್ನಾನ ಬೇಡ, ವಾಸನೆ ಇಲ್ಲ, ಗಲಾಟೆ ಇಲ್ಲ. ಫ್ಲ್ಯಾಟ್‌ನಲ್ಲಿ ಸಾಕಲು ಹೇಳಿ ಮಾಡಿಸಿದ ಪ್ರಾಣಿ. ಒಂದು ಪಂಜರ, ಒಂದು ಫ್ಯಾನ್ ಇದ್ದರೆ ಸಾಕು."

ಇದರಲ್ಲಿ ನಿಜ ಎಷ್ಟು? ನೀರಿನ ಸ್ನಾನ ಬೇಡ ಎನ್ನುವುದು ನಿಜ. ವಾಸನೆ ಕಡಿಮೆ ಎನ್ನುವುದೂ ಬಹುಮಟ್ಟಿಗೆ ನಿಜ. ಆದರೆ "ಪಂಜರ, ಫ್ಯಾನ್ ಸಾಕು" ಎನ್ನುವ ಮಾತು ತಪ್ಪು, ಮತ್ತು ಆ ತಪ್ಪು ಪ್ರಾಣಿಯ ಜೀವ ತೆಗೆಯಬಲ್ಲದು. ಚಿಂಚಿಲ್ಲಾದ ಮನೆ ಎಂದರೆ ಪಂಜರ ಮಾತ್ರವಲ್ಲ, ಆ ಪಂಜರವಿರುವ ಕೋಣೆಯ ಗಾಳಿಯೂ ಹೌದು. ಯಾಕೆ ಎಂದು ಒಂದೊಂದಾಗಿ ನೋಡೋಣ.

ಚಿಂಚಿಲ್ಲಾ ಎಲ್ಲಿಯ ಪ್ರಾಣಿ?

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಶ್ರೇಣಿಯ ಪ್ರಾಣಿ. ಇಲಿ, ಅಳಿಲು, ಗಿನಿಪಿಗ್‌ಗಳಂತೆ ಇದೂ ದಂಶಕ ಜಾತಿಗೆ ಸೇರಿದ್ದು. ಕಾಡಿನಲ್ಲಿ ಇದರ ಎರಡು ಪ್ರಭೇದಗಳಿವೆ: ಉದ್ದ ಬಾಲದ್ದು ಮತ್ತು ಗಿಡ್ಡ ಬಾಲದ್ದು. ಸಾಕುವ ಚಿಂಚಿಲ್ಲಾಗಳು ಮುಖ್ಯವಾಗಿ ಚಿಲಿ ದೇಶದ ಉದ್ದ ಬಾಲದ ಪ್ರಭೇದದಿಂದ ಬಂದವು. ಕಲ್ಲುಬಂಡೆಗಳ ಸಂದಿಗಳಲ್ಲಿ ಗುಂಪಾಗಿ ವಾಸ, ಒಣ ಹವೆ, ತಣ್ಣನೆಯ ರಾತ್ರಿ. ಹಗಲು ಬಂಡೆಯ ನೆರಳಿನಲ್ಲಿ ನಿದ್ದೆ, ಮುಸ್ಸಂಜೆಯ ನಂತರ ಓಡಾಟ. ಅದರ ದೇಹ ರೂಪುಗೊಂಡದ್ದು ಈ ಬದುಕಿಗಾಗಿ.

ಆ ಚಳಿಗೆ ತಕ್ಕಂತೆ ಅದರ ತುಪ್ಪಳವೂ ಇದೆ. ನಮ್ಮ ತಲೆಯಲ್ಲಿ ಒಂದು ಕೂದಲ ಬುಡದಿಂದ ಸಾಮಾನ್ಯವಾಗಿ ಒಂದರಿಂದ ಮೂರು ಎಳೆ ಬರುತ್ತವೆ. ಚಿಂಚಿಲ್ಲಾದಲ್ಲಿ ಒಂದೇ ಬುಡದಿಂದ 50ಕ್ಕೂ ಹೆಚ್ಚು ನವಿರಾದ ಎಳೆಗಳು ಹೊರಡುತ್ತವೆ. ಈ ತುಪ್ಪಳದ ಆಸೆಗೆ ಮನುಷ್ಯರು ಅದನ್ನು ಬೇಟೆಯಾಡಿ ಬಹುತೇಕ ನಿರ್ನಾಮದ ಅಂಚಿಗೆ ತಂದರು. 1910ರಲ್ಲಿ ಚಿಲಿ, ಅರ್ಜೆಂಟೀನಾ, ಬೊಲಿವಿಯಾ, ಪೆರು ದೇಶಗಳು ಬೇಟೆ ತಡೆಯಲು ಒಪ್ಪಂದ ಮಾಡಿಕೊಂಡವು. ಇಂದಿಗೂ ಕಾಡಿನ ಎರಡೂ ಪ್ರಭೇದಗಳು ಅಳಿವಿನಂಚಿನ ಪಟ್ಟಿಯಲ್ಲಿವೆ.

1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರ್ ಚಿಲಿಯಿಂದ ಹನ್ನೊಂದು ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಗೆ ಒಯ್ದರು. ಅವನ್ನು ಬೆಟ್ಟದಿಂದ ಒಮ್ಮೆಲೇ ಕೆಳಗಿಳಿಸದೆ ಹಂತಹಂತವಾಗಿ ಇಳಿಸಿ, ಹಡಗಿನಲ್ಲಿ ಮಂಜುಗಡ್ಡೆ ಇಟ್ಟು ತಂಪಾಗಿ ನೋಡಿಕೊಂಡರು ಎಂದು ದಾಖಲಾಗಿದೆ. ಸೆಕೆ ಈ ಪ್ರಾಣಿಗೆ ಆಗದು ಎಂಬ ಸಂಗತಿ ನೂರು ವರ್ಷಗಳ ಹಿಂದೆಯೇ ಗೊತ್ತಿತ್ತು. ನಮ್ಮ ಫಾರ್ವರ್ಡ್‌ಗಳಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ!

ಫ್ಯಾನ್ ಹಾಕಿದರೆ ಸಾಕಾಗುವುದಿಲ್ಲವೇ?

ಇಲ್ಲ. ಇದು ಅತ್ಯಂತ ಅಪಾಯಕಾರಿ ತಪ್ಪು ತಿಳಿವಳಿಕೆ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಇರುವ ಗಾಳಿಯನ್ನೇ ಓಡಾಡಿಸುತ್ತದೆ. ನಮಗೆ ತಂಪೆನಿಸುವುದು ನಮ್ಮ ಚರ್ಮದ ಮೇಲಿನ ಬೆವರು ಆ ಗಾಳಿಗೆ ಆರುವುದರಿಂದ. ಚಿಂಚಿಲ್ಲಾ ನಮ್ಮಂತೆ ಬೆವರುವುದಿಲ್ಲ. ದಟ್ಟ ತುಪ್ಪಳದಿಂದಾಗಿ ಗಾಳಿ ಅದರ ಚರ್ಮವನ್ನು ಮುಟ್ಟುವುದೂ ಇಲ್ಲ. ಮೈಯ ಬಿಸಿ ಹೊರಹಾಕಲು ಅದಕ್ಕಿರುವ ಮುಖ್ಯ ದಾರಿ ರಕ್ತನಾಳಗಳು ತುಂಬಿದ ಆ ದೊಡ್ಡ ಕಿವಿಗಳು. ಕೋಣೆಯ ಗಾಳಿಯೇ ಬಿಸಿಯಾಗಿದ್ದರೆ ಕಿವಿಗಳೂ ಏನು ಮಾಡಲಾಗದು. ಏಪ್ರಿಲ್ ಮಧ್ಯಾಹ್ನ ಕಂಬಳಿ ಹೊದ್ದುಕೊಂಡು ಫ್ಯಾನ್ ಕೆಳಗೆ ಕುಳಿತಂತೆ ಅದರ ಸ್ಥಿತಿ.

ಹಾಗಾದರೆ ಎಷ್ಟು ತಾಪಮಾನ ಬೇಕು? ಸುಮಾರು 15ರಿಂದ 21 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 25 ಡಿಗ್ರಿ ದಾಟಿತೆಂದರೆ ಅಪಾಯ ಶುರು. 27-28 ಡಿಗ್ರಿಯಲ್ಲಿ, ಅದರಲ್ಲೂ ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಹೀಟ್ ಸ್ಟ್ರೋಕ್ ಆಗಿ ಸಾಯಬಹುದು. ನಮ್ಮಲ್ಲಿ "ಇವತ್ತು ಹವೆ ಚೆನ್ನಾಗಿದೆ" ಎನ್ನುವ ದಿನವೂ ಅದಕ್ಕೆ ಕಂಟಕವಾಗಬಹುದು.

ಬೆಂಗಳೂರು, ಮಡಿಕೇರಿ ತಂಪು ಊರುಗಳಲ್ಲವೇ?

ನಮಗೆ ತಂಪು, ಅದಕ್ಕಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಗರಿಷ್ಠ ತಾಪಮಾನ 33-34 ಡಿಗ್ರಿ ಮುಟ್ಟುವುದು ಮಾಮೂಲು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಸೆಕೆಯ ಜೊತೆ ತೇವವೂ ಸೇರುತ್ತದೆ. ಮಡಿಕೇರಿ, ಆಗುಂಬೆಯಂತಹ ಕಡೆ ತಾಪಮಾನ ಕಡಿಮೆ ಇದ್ದರೂ ಮಳೆಗಾಲದಲ್ಲಿ ಗೋಡೆಯೇ ಬೆವರುವಷ್ಟು ತೇವ.

ಚಿಂಚಿಲ್ಲಾಗೆ ಹಿತವಾದ ಆರ್ದ್ರತೆ ಸುಮಾರು ಶೇ. 30ರಿಂದ 50. ಅದಕ್ಕಿಂತ ಬಹಳ ಹೆಚ್ಚಾದರೆ ಎರಡು ತೊಂದರೆಗಳಿವೆ. ಮೈಯ ಬಿಸಿ ಹೊರಹೋಗುವುದು ಇನ್ನೂ ಕಷ್ಟವಾಗುತ್ತದೆ. ಜೊತೆಗೆ ದಟ್ಟ ತುಪ್ಪಳದೊಳಗೆ ತೇವ ನಿಂತು ಶಿಲೀಂಧ್ರ ಬೆಳೆಯುತ್ತದೆ. ನಾವು ಹುಳುಕಡ್ಡಿ ಎನ್ನುವ ಚರ್ಮದ ಸೋಂಕು ಚಿಂಚಿಲ್ಲಾಗೂ ಬರುತ್ತದೆ, ಅದರಿಂದ ಮನೆಯವರಿಗೂ ಹರಡಬಲ್ಲದು.

ಚಿಂಚಿಲ್ಲಾ ಸಾಕುವವರು ಬಳಸುವ ಒಂದು ಸರಳ ಲೆಕ್ಕವಿದೆ. ಫ್ಯಾರನ್‌ಹೀಟ್‌ನಲ್ಲಿ ತಾಪಮಾನವನ್ನೂ ಆರ್ದ್ರತೆಯ ಶೇಕಡಾವಾರನ್ನೂ ಕೂಡಿಸಿ. ಮೊತ್ತ 150 ದಾಟಬಾರದು. ಇದು ಪ್ರಯೋಗಾಲಯದ ಸೂತ್ರವಲ್ಲ, ಅನುಭವದ ಲೆಕ್ಕ. ಆದರೆ ಮಳೆಗಾಲದ ಅಪಾಯವನ್ನು ಚೆನ್ನಾಗಿ ತೋರಿಸುತ್ತದೆ. ಕೋಣೆಯಲ್ಲಿ 24 ಡಿಗ್ರಿ ಸೆಲ್ಸಿಯಸ್ ಇದೆ ಎನ್ನಿ, ಅಂದರೆ ಸುಮಾರು 75 ಡಿಗ್ರಿ ಫ್ಯಾರನ್‌ಹೀಟ್. ಆರ್ದ್ರತೆ ಶೇ. 80. ಒಟ್ಟು 155. ಹೊರಗೆ ಜಿಟಿಜಿಟಿ ಮಳೆ, ನಾವು ಸ್ವೆಟರ್ ಹುಡುಕುತ್ತಿರುತ್ತೇವೆ, ಚಿಂಚಿಲ್ಲಾ ಮಾತ್ರ ಅಪಾಯದ ಗೆರೆ ದಾಟಿರುತ್ತದೆ.

ಏರ್ ಕೂಲರ್ ಇಟ್ಟರೆ? ಬೇಡ. ಕೂಲರ್ ನೀರಿನ ತೇವ ಸೇರಿಸಿಯೇ ಗಾಳಿಯನ್ನು ತಂಪು ಮಾಡುತ್ತದೆ, ಹಾಗಾಗಿ ಒಂದು ಕಡೆ ಇಳಿಸಿದ್ದನ್ನು ಇನ್ನೊಂದು ಕಡೆ ಏರಿಸಿದಂತಾಗುತ್ತದೆ. ತಾಪಮಾನ, ತೇವ ಎರಡನ್ನೂ ಇಳಿಸುವುದು ಎಸಿ ಮಾತ್ರ. ಅದೂ ನೀವು ಮನೆಯಲ್ಲಿದ್ದಾಗಷ್ಟೇ ಅಲ್ಲ, ಆಫೀಸಿಗೆ ಹೋದಾಗ, ಹಬ್ಬಕ್ಕೆ ಊರಿಗೆ ಹೋದಾಗಲೂ ನಡೆಯುತ್ತಿರಬೇಕು. ಪಂಜರದ ಎತ್ತರದಲ್ಲೇ ತಾಪಮಾನ ಮತ್ತು ಆರ್ದ್ರತೆ ತೋರಿಸುವ ಒಂದು ಡಿಜಿಟಲ್ ಮೀಟರ್ ಇಡಿ. ಎಸಿ ರಿಮೋಟ್ ತೋರಿಸುವ ಅಂಕಿ ಕೋಣೆಯ ಆ ಮೂಲೆಯ ಅಂಕಿ ಆಗಿರಬೇಕೆಂದಿಲ್ಲ.

ಪಂಜರ ಹೇಗಿರಬೇಕು?

ಮೊಲದ ಪಂಜರವೋ ಗಿನಿಪಿಗ್ ಪೆಟ್ಟಿಗೆಯೋ ಸಾಲದು. ಚಿಂಚಿಲ್ಲಾ ನೆಲದ ಮೇಲೆ ಓಡುವುದಕ್ಕಿಂತ ಬಂಡೆಯಿಂದ ಬಂಡೆಗೆ ನೆಗೆಯುವ ಪ್ರಾಣಿ. ಹಾಗಾಗಿ ಉದ್ದದಷ್ಟೇ ಎತ್ತರವೂ ಮುಖ್ಯ. ಒಂದಕ್ಕೆ ಕನಿಷ್ಠ 3 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಎತ್ತರ ಬೇಕು. ಎರಡಿದ್ದರೆ ಇನ್ನೂ ದೊಡ್ಡದು. ಎರಡು ಮೀಟರ್ ಎತ್ತರದ ಪಂಜರ ಒಳ್ಳೆಯದು ಎನ್ನುವ ಪಶುವೈದ್ಯಕೀಯ ಸಲಹೆಯೂ ಇದೆ.

ಎತ್ತರವಿದೆ ಎಂದು ಒಳಗೆ ಖಾಲಿ ಬಿಡಬಾರದು. ಮೇಲಿನಿಂದ ನೇರ ಕೆಳಗೆ ಬಿದ್ದರೆ ಅದರ ತೆಳ್ಳನೆಯ ಕಾಲು ಮುರಿಯುತ್ತದೆ. ಹಲಗೆಗಳನ್ನು ಮೆಟ್ಟಿಲಿನಂತೆ ಒಂದರ ಪಕ್ಕ ಒಂದು ಹಿಂದೆ ಮುಂದೆ ಜೋಡಿಸಿ, ಎಲ್ಲಿಂದ ಜಾರಿದರೂ ಎರಡು ಅಡಿಗಿಂತ ಹೆಚ್ಚು ಬೀಳದಂತೆ ನೋಡಿಕೊಳ್ಳಿ.

ಪಂಜರದ ಕಂಬಿ ಲೋಹದ್ದೇ ಇರಲಿ. ಪ್ಲಾಸ್ಟಿಕ್ ಇದ್ದರೆ ಕಡಿದು ನುಂಗುತ್ತದೆ, ತುಂಡು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣ ಕಿತ್ತುಬರುವ ಕಂಬಿಯೂ ಬೇಡ. ಕಂಬಿಗಳ ನಡುವಿನ ಸಂದಿ ಚಿಕ್ಕದಿರಬೇಕು. ಮರಿಗಳಿದ್ದರೆ ಅರ್ಧ ಇಂಚಿಗಿಂತ ಹೆಚ್ಚಿನ ಸಂದಿ ಬೇಡ.

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪಂಜರಗಳ ತಳ ಜಾಲರಿ. ಹಿಕ್ಕೆ ಕೆಳಗೆ ಬೀಳಲಿ ಎಂದು ಹಾಗೆ ಮಾಡಿರುತ್ತಾರೆ, ನಮಗೆ ಶುಚಿ ಮಾಡಲು ಸುಲಭ. ಆದರೆ ಹಗಲೂ ರಾತ್ರಿ ತಂತಿಯ ಮೇಲೆ ನಿಂತರೆ ಅಂಗಾಲು ಒಡೆದು ಹುಣ್ಣಾಗುತ್ತದೆ, ಕಾಲು ಜಾಲರಿಯಲ್ಲಿ ಸಿಕ್ಕಿ ಮುರಿಯುವುದೂ ಉಂಟು. ತಳ ಗಟ್ಟಿಯಾಗಿರಲಿ, ಇಲ್ಲವೇ ಜಾಲರಿಯ ಮೇಲೆ ಮರದ ಹಲಗೆ ಹಾಸಿ. ತಳಕ್ಕೆ ಕಾಗದದ ಹಾಸು ಅಥವಾ ದಪ್ಪ ಫ್ಲೀಸ್ ಬಟ್ಟೆ ಹಾಕಬಹುದು. ಸಾಮಿಲ್‌ನಿಂದ ತಂದ ಮರದ ಹೊಟ್ಟು ಬೇಡ. ಅದು ಯಾವ ಮರದ್ದು, ಏನು ಬಳಿದಿತ್ತು ಎಂದು ತಿಳಿಯದು, ಸಣ್ಣ ಧೂಳು ಉಸಿರಾಟಕ್ಕೂ ತೊಂದರೆ. ಸೀಡರ್ ಮರದ ಹೊಟ್ಟಿನ ಘಾಟು ಸಣ್ಣ ಪ್ರಾಣಿಗಳಿಗೆ ಹಾನಿಕರ.

ಒಳಗೆ ಒಂದು ಅಡಗುತಾಣ ಬೇಕೇ ಬೇಕು. ಕಾಡಿನ ಬಂಡೆ ಸಂದಿಗೆ ಬದಲಾಗಿ ಒಂದು ಮರದ ಪೆಟ್ಟಿಗೆ. ಜೊತೆಗೆ ಒಂದು ನಯವಾದ ಗ್ರಾನೈಟ್ ಅಥವಾ ಟೈಲ್ಸ್ ತುಂಡು. ಅಡುಗೆಕಟ್ಟೆ ಮಾಡಿಸಿ ಉಳಿದ ತುಂಡಾದರೂ ಸರಿ, ಅಂಚು ಚೂಪಾಗಿರಬಾರದು. ಚಿಂಚಿಲ್ಲಾ ಅದರ ಮೇಲೆ ಹೊಟ್ಟೆ ಒತ್ತಿ ಮಲಗಿ ಮೈ ತಣಿಸಿಕೊಳ್ಳುತ್ತದೆ. ಇದು ಎಸಿಗೆ ಜೊತೆಯೇ ಹೊರತು ಬದಲಿ ಅಲ್ಲ.

ಓಡುವ ಚಕ್ರ ಇಡುವುದಾದರೆ 15 ಇಂಚು ಅಥವಾ ಅದಕ್ಕಿಂತ ದೊಡ್ಡದು, ಸಂದಿಗಳಿಲ್ಲದ ಲೋಹದ ಚಕ್ರ ಇರಲಿ. ಚಿಕ್ಕದರಲ್ಲಿ ಬೆನ್ನು ಬಾಗುತ್ತದೆ. ವಿಡಿಯೊಗಳಲ್ಲಿ ಕಾಣುವ ಪ್ಲಾಸ್ಟಿಕ್ ಚೆಂಡಿನೊಳಗೆ ಅದನ್ನು ಎಂದೂ ಹಾಕಬೇಡಿ. ಗಾಳಿಯಾಡದೆ ಒಳಗೆ ಬಿಸಿ ಏರುತ್ತದೆ.

ಪಂಜರವನ್ನು ಎಲ್ಲಿಡಬೇಕು?

ಬಾಲ್ಕನಿಯಲ್ಲಿ ಬೇಡ, ಬಿಸಿಲು ಬೀಳುವ ಕಿಟಕಿ ಬಳಿ ಬೇಡ, ಅಡುಗೆಮನೆಗೆ ಹತ್ತಿರ ಬೇಡ. ಬಿಸಿಲು ಕಾಯುವ ತಾರಸಿಯ ಕೆಳಗಿನ ಕೋಣೆಯೂ ಬೇಡ. ಟಿವಿ ಇರುವ ಹಾಲ್ ಕೂಡ ಸರಿಯಲ್ಲ, ಯಾಕೆಂದರೆ ಚಿಂಚಿಲ್ಲಾ ಹಗಲು ಮಲಗುತ್ತದೆ, ಸದ್ದಿಗೆ ಬೆಚ್ಚುತ್ತದೆ. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಒಳಕೋಣೆಯೇ ಸರಿ. ಎಸಿಯ ಗಾಳಿ ನೇರ ಪಂಜರಕ್ಕೆ ಬೀಸದಿರಲಿ. ಒಂದು ಬದಿ ಗೋಡೆಗೆ ಒರಗಿದ್ದರೆ ಅದಕ್ಕೆ ಧೈರ್ಯ. ರಾತ್ರಿ ಅದು ನೆಗೆದಾಡುವ ಸದ್ದು ನಿಮ್ಮ ನಿದ್ದೆಗೆ ಅಡ್ಡಿಯಾಗಬಹುದು, ಆದ್ದರಿಂದ ಮಲಗುವ ಕೋಣೆಯಲ್ಲಿ ಇಡುವ ಮುನ್ನ ಯೋಚಿಸಿ. "ಗಲಾಟೆ ಇಲ್ಲ" ಎನ್ನುವ ಮಾತು ಹಗಲಿಗೆ ಮಾತ್ರ ಅನ್ವಯ!

ಪಂಜರದಿಂದ ಹೊರಗೆ ಬಿಡುವಾಗ ಮೊದಲು ವೈರ್‌ಗಳನ್ನು ನೋಡಿ. ಫೋನ್ ಚಾರ್ಜರ್, ಇನ್ವರ್ಟರ್ ವೈರ್, ಎಕ್ಸ್‌ಟೆನ್ಷನ್ ಬಾಕ್ಸ್ ಯಾವುದನ್ನೂ ಅದು ಬಿಡುವುದಿಲ್ಲ. ಬೀರು, ಫ್ರಿಜ್‌ಗಳ ಹಿಂದಿನ ಸಂದಿ ಮುಚ್ಚಿ. ಬಾಗಿಲು ಮುಚ್ಚಿ, ನೀವು ಜೊತೆಯಲ್ಲೇ ಇರಿ. ಹಿಡಿಯುವಾಗ ತುಪ್ಪಳ ಎಳೆದು ಹಿಡಿಯಬೇಡಿ. ಹೆದರಿದಾಗ ಅದು ಹಿಡಿದ ಕಡೆಯ ಕೂದಲನ್ನೇ ಉದುರಿಸಿ ತಪ್ಪಿಸಿಕೊಳ್ಳುತ್ತದೆ. ಕಾಡಿನಲ್ಲಿ ಬೇಟೆಗಾರ ಪ್ರಾಣಿಯಿಂದ ಪಾರಾಗಲು ಇರುವ ಉಪಾಯ ಅದು.

ಪುಡಿಯಲ್ಲಿ ಹೊರಳುವುದು ಯಾಕೆ? ಮರಳು ಹಾಕಬಹುದೇ?

ವಿಡಿಯೊದಲ್ಲಿ ಕಾಣುವ ಆಟ ನಿಜವಾಗಿ ಸ್ನಾನ. ನೀರು ಹಾಕಿದರೆ ಅಷ್ಟು ದಟ್ಟ ತುಪ್ಪಳ ಬೇಗ ಒಣಗುವುದಿಲ್ಲ, ಶಿಲೀಂಧ್ರ ಹಿಡಿಯುತ್ತದೆ. ಆದ್ದರಿಂದ ಅದು ನುಣುಪಾದ ಧೂಳಿನಲ್ಲಿ ಹೊರಳಿ ಮೈಯ ಜಿಡ್ಡು, ತೇವ ತೆಗೆದುಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಚಿಂಚಿಲ್ಲಾಗಾಗಿಯೇ ಸಿಗುವ, ಜ್ವಾಲಾಮುಖಿ ಬೂದಿಯಂತಹ ನುಣುಪು ಧೂಳು. ಕಟ್ಟಡದ ಮರಳಿನ ಹರಳು ದಪ್ಪ, ಅದು ತುಪ್ಪಳವನ್ನು ಕತ್ತರಿಸುತ್ತದೆ, ಬುಡದವರೆಗೆ ಇಳಿಯುವುದೂ ಇಲ್ಲ. ಮಗುವಿಗೆ ಹಚ್ಚುವ ಟಾಲ್ಕಂ ಪೌಡರ್ ಉಸಿರಾಟಕ್ಕೆ ಕೆಟ್ಟದ್ದು. ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಧೂಳಿನ ಬಟ್ಟಲು ಇಟ್ಟು ತೆಗೆದುಬಿಡಿ. ಇಡೀ ದಿನ ಬಿಟ್ಟರೆ ಕಣ್ಣು ಕೆಂಪಾಗುತ್ತದೆ, ಚರ್ಮ ಒಣಗುತ್ತದೆ.

ಕಡಿಯಲು, ತಿನ್ನಲು ಏನಿರಬೇಕು?

ಚಿಂಚಿಲ್ಲಾದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಅವು ಸವೆಯದಿದ್ದರೆ ಬಾಯಿಯೊಳಗೆ ಚುಚ್ಚಿ, ಪ್ರಾಣಿ ಊಟ ಬಿಡುತ್ತದೆ. ಸವೆಸುವ ಮುಖ್ಯ ಸಾಧನ ಒಣಹುಲ್ಲು. ಟಿಮೊಥಿಯಂತಹ ಮೇವಿನ ಹುಲ್ಲು ದಿನವಿಡೀ ಪಂಜರದಲ್ಲಿರಬೇಕು. ಭತ್ತದ ಒಣಹುಲ್ಲಿನಲ್ಲಿ ಪೋಷಕಾಂಶ ಕಡಿಮೆ, ಅದೊಂದೇ ಸಾಲದು. ಚಿಂಚಿಲ್ಲಾ ಪೆಲೆಟ್ ದಿನಕ್ಕೆ ಒಂದೆರಡು ಚಮಚ ಸಾಕು. "ಪ್ರೀತಿಯಿಂದ ಬಾದಾಮಿ, ಒಣದ್ರಾಕ್ಷಿ ಕೊಡಿ" ಎನ್ನುವ ಸಲಹೆ ನಂಬಬೇಡಿ. ಎಣ್ಣೆ, ಸಕ್ಕರೆ ಅಂಶ ಅದರ ಕರುಳಿಗೆ ಒಗ್ಗುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ ವಾಂತಿ ಮಾಡಿಕೊಳ್ಳಲೂ ಅದಕ್ಕೆ ಆಗದು. ಕಡಿಯಲು ಔಷಧಿ ಸಿಂಪಡಿಸದ ಸೇಬಿನ ಮರದ ಕಡ್ಡಿ ಸೂಕ್ತ. ಗುರುತಿಲ್ಲದ ಮರದ ತುಂಡು ಒಳಗೆ ಇಡಬೇಡಿ. ನೀರಿಗೆ ಬಟ್ಟಲಿಗಿಂತ ಪಂಜರಕ್ಕೆ ಸಿಕ್ಕಿಸುವ ಗಾಜಿನ ಬಾಟಲಿ ಒಳ್ಳೆಯದು, ಮೈ ಒದ್ದೆಯಾಗುವುದಿಲ್ಲ.

ಜೊತೆ ಬೇಕೇ?

ಗುಂಪಿನಲ್ಲಿ ಬದುಕುವ ಪ್ರಾಣಿಯಾದ್ದರಿಂದ ಹೊಂದಿಕೊಂಡ ಒಂದೇ ಲಿಂಗದ ಜೋಡಿ ಒಳ್ಳೆಯದು. ಆದರೆ ಗುರುತಿಲ್ಲದ ಎರಡನ್ನು ಮೊದಲ ದಿನವೇ ಒಂದೇ ಪಂಜರಕ್ಕೆ ಹಾಕಿದರೆ ಕಚ್ಚಾಡಿ ಸಾಯುವ ಮಟ್ಟಕ್ಕೆ ಹೋಗಬಹುದು. ಅಕ್ಕಪಕ್ಕದ ಪಂಜರಗಳಲ್ಲಿಟ್ಟು ನಿಧಾನವಾಗಿ ಪರಿಚಯಿಸಬೇಕು. ಗಂಡು ಹೆಣ್ಣು ಜೊತೆಗಿದ್ದರೆ ಸುಮಾರು 111 ದಿನಗಳಲ್ಲಿ ಮರಿ, ಮರಿ ಹಾಕಿದ ಕೂಡಲೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಮೊಲ, ಗಿನಿಪಿಗ್‌ಗಳ ಜೊತೆ ಒಂದೇ ಪಂಜರದಲ್ಲಿ ಇಡಬೇಡಿ. ಅವುಗಳ ಆಹಾರ ಬೇರೆ, ದಿನಚರಿ ಬೇರೆ, ಕಾಯಿಲೆಯೂ ಹರಡಬಹುದು.

ಕರೆಂಟ್ ಹೋದರೆ?

ಈ ಪ್ರಶ್ನೆಗೆ ಉತ್ತರವಿಲ್ಲದೆ ಚಿಂಚಿಲ್ಲಾ ತರಬಾರದು. ಮನೆಯ ಸಾಮಾನ್ಯ ಇನ್ವರ್ಟರ್‌ನಲ್ಲಿ ಲೈಟು, ಫ್ಯಾನ್ ಓಡುತ್ತವೆ, ಎಸಿ ಓಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋದರೆ ಏನು ಮಾಡುತ್ತೀರಿ? ಫ್ರೀಜರ್‌ನಲ್ಲಿ ಸದಾ ಕೆಲವು ನೀರಿನ ಬಾಟಲಿ ಗಟ್ಟಿ ಮಾಡಿಡಿ. ದಪ್ಪ ಬಟ್ಟೆಯಲ್ಲಿ ಸುತ್ತಿ ಪಂಜರದ ಹೊರಗೆ, ಕಂಬಿಗೆ ತಾಗುವಂತೆ ಇಡಿ. ಪರದೆ ಎಳೆಯಿರಿ, ಮನೆಯ ಅತ್ಯಂತ ತಂಪಾದ ಮೂಲೆಗೆ ಒಯ್ಯಿರಿ. ಇದೆಲ್ಲ ಒಂದೆರಡು ತಾಸಿನ ಮಾತು. ಕರೆಂಟ್ ಬರುವುದು ತಡವಾಗುವುದಾದರೆ ಎಸಿ ಇರುವ ಬೇರೆ ಕಡೆಗೆ ಸಾಗಿಸಲೇಬೇಕು.

ಹೀಟ್ ಸ್ಟ್ರೋಕ್‌ನ ಲಕ್ಷಣ ಗುರುತಿಟ್ಟುಕೊಳ್ಳಿ: ಕಿವಿ ಕಡುಕೆಂಪಾಗುವುದು, ಬಾಯಿ ತೆರೆದು ಏದುಸಿರು, ಜೊಲ್ಲು, ಒಂದು ಮಗ್ಗುಲಾಗಿ ಬಿದ್ದಿರುವುದು, ಕರೆದರೂ ಅಲುಗದಿರುವುದು. ಕೂಡಲೇ ತಂಪಾದ ಕೋಣೆಗೆ ಒಯ್ದು ಟೈಲ್ಸ್ ಮೇಲೆ ಮಲಗಿಸಿ. ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ, ಪಾದ ಒರೆಸಿ. ಐಸ್ ನೀರಿನಲ್ಲಿ ಅದ್ದಬೇಡಿ, ಬಾಯಿಗೆ ನೀರು ಸುರಿಯಬೇಡಿ. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರ ಬಳಿ ಹೋಗಲೇಬೇಕು. ನಮ್ಮ ಊರುಗಳ ಪಶುವೈದ್ಯರು ಹೆಚ್ಚಾಗಿ ನೋಡುವುದು ದನ, ನಾಯಿ, ಬೆಕ್ಕು. ಚಿಂಚಿಲ್ಲಾದಂತಹ ಪ್ರಾಣಿ ನೋಡುವವರು ಯಾರು ಎಂದು ಪ್ರಾಣಿ ತರುವ ಮೊದಲೇ ಹುಡುಕಿ. ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ನಮಗೆ ಸಾಮಾನ್ಯವಾದ ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಕೊಟ್ಟರೆ ಚಿಂಚಿಲ್ಲಾದ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾ ಸತ್ತು ಅದರ ಜೀವಕ್ಕೇ ಅಪಾಯ.

ಕಾನೂನು ಏನು ಹೇಳುತ್ತದೆ?

ಕಾಡಿನ ಚಿಂಚಿಲ್ಲಾಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಅತ್ಯಂತ ಬಿಗಿಯಾದ ನಿರ್ಬಂಧವಿದೆ. ಸಾಕು ತಳಿಗೆ ಆ ಒಪ್ಪಂದದಲ್ಲಿ ವಿನಾಯಿತಿ ಇದೆ. ಹಾಗೆಂದ ಮಾತ್ರಕ್ಕೆ ಯಾರು ಬೇಕಾದರೂ ತಂದು ಮಾರಬಹುದು ಎಂದಲ್ಲ. ಭಾರತಕ್ಕೆ ಜೀವಂತ ವಿದೇಶಿ ಪ್ರಾಣಿ ತರಲು ಪರವಾನಗಿ ಬೇಕು. 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ, ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೊಳ್ಳುವ ಮುನ್ನ ಮಾರುವವರಿಂದ ಕಾಗದಪತ್ರ ಕೇಳಿ, ನಿಮ್ಮ ಜಿಲ್ಲೆಯ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾಗದ ಕೇಳಿದಾಗ "ಅದೆಲ್ಲ ಬೇಡ ಸರ್" ಎನ್ನುವವರಿಂದ ಕೊಳ್ಳಬೇಡಿ.

ಹಾಗಾದರೆ ನಮ್ಮ ತೀರ್ಮಾನ?

"ಒಂದು ಪಂಜರ, ಒಂದು ಫ್ಯಾನ್ ಸಾಕು" ಎನ್ನುವ ಹೇಳಿಕೆ ತಪ್ಪು. ಮನೆಗೆ ತರುವ ಮುನ್ನ ಈ ಐದು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ:

1. ವರ್ಷವಿಡೀ ಕೋಣೆಯನ್ನು 21 ಡಿಗ್ರಿ ಆಸುಪಾಸಿನಲ್ಲಿ, ಒಣದಾಗಿ ಇಡಬಲ್ಲೆವೇ? ಅದರ ಕರೆಂಟ್ ಬಿಲ್ ಕಟ್ಟಬಲ್ಲೆವೇ?
2. ಕರೆಂಟ್ ಹೋದಾಗ, ನಾವು ಊರಿನಲ್ಲಿಲ್ಲದಾಗ ಏನು ವ್ಯವಸ್ಥೆ?
3. ಮೂರಡಿ ಎತ್ತರದ ಲೋಹದ ಪಂಜರಕ್ಕೆ ಶಾಂತವಾದ ಜಾಗ ಇದೆಯೇ?
4. ಚಿಂಚಿಲ್ಲಾ ನೋಡಬಲ್ಲ ಪಶುವೈದ್ಯರು ಒಂದೆರಡು ತಾಸಿನ ದಾರಿಯಲ್ಲಿ ಇದ್ದಾರೆಯೇ?
5. ಇದು 10ರಿಂದ 20 ವರ್ಷ ಬದುಕುವ ಪ್ರಾಣಿ. ಇವತ್ತು ಹಠ ಹಿಡಿದ ಮಗು ಕಾಲೇಜಿಗೆ ಹೋದ ಮೇಲೂ ನೋಡಿಕೊಳ್ಳಲು ಸಿದ್ಧರಿದ್ದೇವೆಯೇ?

ಐದಕ್ಕೂ "ಹೌದು" ಎಂದಾದರೆ, ಮೊದಲು ಕೋಣೆ ಸಿದ್ಧ ಮಾಡಿ, ಒಂದು ಬೇಸಿಗೆ ಮೀಟರ್‌ನ ಅಂಕಿ ಗಮನಿಸಿ, ಆಮೇಲೆ ಪ್ರಾಣಿಯ ಬಗ್ಗೆ ಯೋಚಿಸಿ. ಒಂದಕ್ಕೆ "ಇಲ್ಲ" ಎಂದಾದರೂ ವಿಡಿಯೊದಲ್ಲಿ ನೋಡಿ ಖುಷಿಪಡಿ, ಅಲ್ಲಿಗೆ ಬಿಡಿ. ಈಗಾಗಲೇ ನಿಮ್ಮ ಮನೆಯಲ್ಲಿ ಚಿಂಚಿಲ್ಲಾ ಇದ್ದರೆ, ಇವತ್ತೇ ಪಂಜರದ ಪಕ್ಕ ಒಂದು ಮೀಟರ್ ಇಡಿ. ಮತ್ತೆ ಆ ವಿಡಿಯೊ ಗುಂಪಿಗೆ ಬಂದರೆ, ಅದರ ಕೆಳಗೆ ಒಂದು ಸಾಲು ಸೇರಿಸಿ ಕಳಿಸಿ: "ಇದಕ್ಕೆ 25 ಡಿಗ್ರಿ ದಾಟಿದರೆ ಅಪಾಯ, ಫ್ಯಾನ್ ಸಾಲದು."